ಬೆಳಕಿನ ಸ್ಪೀಡ್ ಕಡಿಮೆ ಮಾಡೋ ಗೇಮು: ನಾಲ್ಕು ಬ್ಯಾಚಿಗೆ ಆಡಿಸಿದ್ಮೇಲೆ ಬರೀತಿದೀನಿ

ನಾನು ಬಿಎಸ್ಸಿ ಹುಡುಗ್ರಿಗೆ ಫಿಸಿಕ್ಸ್ ಪಾಠ ಮಾಡೋನು. ರಿಲೇಟಿವಿಟಿ (ಐನ್‌ಸ್ಟೈನ್‌ನ ಸಾಪೇಕ್ಷತೆ) ಚಾಪ್ಟರ್ ಬಂತು ಅಂದ್ರೆ ಪ್ರತಿ ವರ್ಷ ಅದೇ ರಾಮಾಯಣ, ನಾನು ಬೋರ್ಡ್ ತುಂಬ ಅದರ ಮೂಲ ಸೂತ್ರಗಳಾದ ಲೊರೆಂಟ್ಜ್ ಟ್ರಾನ್ಸ್‌ಫರ್ಮೇಶನ್ ಡಿರೈವ್ ಮಾಡ್ತೀನಿ, ಅವ್ರು ಬರ್ಕೊಳ್ತಾರೆ, ಉರು ಹೊಡೀತಾರೆ, ಎಕ್ಸಾಮಲ್ಲಿ ಹಂಗಂಗೇ ಇಳಿಸ್ತಾರೆ, ಅಲ್ಲಿಗೆ ಕತೆ ಮುಗೀತು. ನಂಗೂ ಬೇಜಾರು ಅವ್ರಿಗೂ ಬೇಜಾರು. ಆಗ ಕಣ್ಣಿಗೆ ಬಿದ್ದಿದ್ದು ಎಂಐಟಿ ಗೇಮ್ ಲ್ಯಾಬ್‌ನೋರು 2012ರಲ್ಲಿ ಬಿಟ್ಟಿರೋ 'ಎ ಸ್ಲೋವರ್ ಸ್ಪೀಡ್ ಆಫ್ ಲೈಟ್'. ದುಡ್ಡಿಲ್ಲ ಕಾಸಿಲ್ಲ, ಪೂರ್ತಿ ಫ್ರೀ. ನಾಲ್ಕು ಬ್ಯಾಚಿಗೆ ಆಡಿಸಾಯ್ತು, ಈಗ ಧೈರ್ಯವಾಗಿ ಹೇಳ್ಬಹುದು ಅನ್ಸುತ್ತೆ.

ಗೇಮ್ ಅಂದ್ರೆ ದೊಡ್ಡದೇನಲ್ಲ. ಒಂದು ಪುಟ್ಟ ಜಾಗ, ಅಲ್ಲಲ್ಲಿ ಹೊಳೆಯೋ ಗುಂಡುಗಳು, ಒಟ್ಟು 100. ಓಡಾಡ್ಕೊಂಡು ಒಂದೊಂದಾಗಿ ಹೆಕ್ಕಬೇಕು. ಒಂದೊಂದು ಹೆಕ್ಕಿದ ಹಾಗೂ ಆ ಲೋಕದಲ್ಲಿ ಬೆಳಕಿನ ವೇಗ ಸ್ವಲ್ಪ ಸ್ವಲ್ಪ ಇಳೀತಾ ಹೋಗುತ್ತೆ. ನಮ್ಮ ಲೋಕದಲ್ಲಿ ಅದು ಸೆಕೆಂಡಿಗೆ 2,99,792 ಕಿಲೋಮೀಟರ್, ಅಂದ್ರೆ ಒಂದು ಸೆಕೆಂಡಲ್ಲಿ ಭೂಮೀನ ಏಳೂವರೆ ಸುತ್ತು ಹಾಕೋವಷ್ಟು, ಹಂಗಾಗಿ ನಾವು ಬಸ್ಸಲ್ಲಿ ಹೋಗ್ಲಿ ವಿಮಾನದಲ್ಲಿ ಹೋಗ್ಲಿ ಐನ್‌ಸ್ಟೈನ್ 1905ರಲ್ಲಿ ಹೇಳಿದ್ದು ಏನೂ ಕಣ್ಣಿಗೆ ಕಾಣಲ್ಲ. ಇಲ್ಲಿ ಕೊನೆಕೊನೆಗೆ ಬೆಳಕೇ ನಡೆಯೋ ವೇಗಕ್ಕೆ ಬಂದ್ಬಿಡುತ್ತೆ, ಸುಮ್ನೆ ಎರಡು ಹೆಜ್ಜೆ ಇಟ್ರೆ ಸಾಕು ಬಣ್ಣ ಎಲ್ಲಾ ಕಲಸಿ ಹೋಗುತ್ತೆ, ಕಣ್ಣೆದುರಿನ ಜಾಗ ಬಿಲ್ಲಿನ ಥರ ಬಾಗುತ್ತೆ.

ಮೊದಲ ವರ್ಷ ಪ್ರೊಜೆಕ್ಟರಲ್ಲಿ ನಾನೇ ಆಡಿ ತೋರಿಸ್ದೆ. ದಡ್ಡತನ. ಹುಡುಗ್ರು ಸಿನಿಮಾ ನೋಡೋ ಥರ ನೋಡಿ "ಸೂಪರ್ ಸಾರ್" ಅಂದು ಎದ್ದು ಹೋದ್ರು. ಎರಡನೇ ವರ್ಷದಿಂದ ಕೀಬೋರ್ಡು ಅವ್ರ ಕೈಗೇ ಕೊಟ್ಟೆ, ಅಲ್ಲಿಂದ ಶುರುವಾಯ್ತು ನೋಡಿ ಮಜಾ. ಎಪ್ಪತ್ತು ಎಂಬತ್ತು ಗುಂಡು ಆಯ್ದ ಮೇಲೆ ಮುಂದಕ್ಕೆ ಬಟನ್ ಒತ್ತಿದ್ರೆ ಎದುರಿಗಿರೋದು ಹತ್ರ ಬರೋ ಬದಲು ಚಿಕ್ಕದಾಗಿ ದೂರ ಸರಿದಂಗೆ ಕಾಣುತ್ತೆ. ಒಬ್ಬ ಹುಡುಗ "ಸಾರ್ ಕೀಬೋರ್ಡ್ ಉಲ್ಟಾ ಆಗಿದೆ" ಅಂತ ಕೇಬಲ್ ಎಳೆದು ಚುಚ್ಚಿ ನೋಡ್ದ. ಕೀಬೋರ್ಡ್ ಸರಿಯಾಗೇ ಇದೆ ಮಾರಾಯ. ಮಳೇಲಿ ಗಾಡಿ ಓಡಿಸ್ವಾಗ ನೆಟ್ಟಗೆ ಬೀಳೋ ಮಳೆ ಎದುರಿಂದ ಮುಖಕ್ಕೆ ಹೊಡೆಯೋ ಹಾಗೆ, ವೇಗ ಜಾಸ್ತಿ ಆದಂಗೆ ಸುತ್ತಲಿನ ಬೆಳಕೆಲ್ಲ ಮುಂದಿನಿಂದಲೇ ಬರೋಕೆ ಶುರುವಾಗುತ್ತೆ, ಅಕ್ಕಪಕ್ಕದಲ್ಲಿದ್ದದ್ದೂ ಮುಂದೆ ಬಂದು ತುರುಕ್ಕೊಳ್ಳುತ್ತೆ, ಅದಕ್ಕೇ ಎದುರಿನದ್ದು ಕುಗ್ಗಿದಂಗೆ ಕಾಣೋದು. ಅಬರೇಶನ್ ಅನ್ನೋ ಪದಾನ ಹತ್ತು ವರ್ಷ ಬೋರ್ಡಲ್ಲಿ ಬರ್ದಿದೀನಿ, ಒಬ್ರೂ ಹೀಗೆ ಗಾಬರಿ ಬಿದ್ದಿರ್ಲಿಲ್ಲ.

ಈಗ ನನ್ನ ಮರ್ಯಾದೆ ಹೋದ ಕತೆ. ಲೆಂತ್ ಕಾಂಟ್ರಾಕ್ಷನ್ ಪಾಠ ಆಗಿತ್ತು, ವೇಗವಾಗಿ ಹೋಗೋ ವಸ್ತು ಅಪ್ಪಚ್ಚಿ ಆದಂಗೆ ಕಾಣುತ್ತೆ ಅಂತ ಹೇಳಿದ್ದೆ, ಚಿತ್ರಾನೂ ಬರ್ದಿದ್ದೆ. ಗೇಮ್ ಆಡ್ತಾ ಹಿಂದಿನ ಬೆಂಚಿನ ಹುಡುಗಿ ಕೇಳಿದ್ಲು, "ಸಾರ್ ನೀವು ಕುಗ್ಗುತ್ತೆ ಅಂದ್ರಿ, ಇಲ್ಲಿ ಎದುರಿಗಿರೋದು ಉದ್ದ ಆಗ್ತಿದೆಯಲ್ಲ?" ನಾನು ತಬ್ಬಿಬ್ಬು. ಗೇಮಲ್ಲೇ ಏನೋ ಬಗ್ ಇರ್ಬೇಕು ಅಂತ ಹೇಳೋನಿದ್ದೆ, ಪುಣ್ಯಕ್ಕೆ ಬಾಯಿ ಮುಚ್ಕೊಂಡೆ. ಮನೆಗೆ ಹೋಗಿ ಪೇಪರ್ ಪೆನ್ನು ಹಿಡ್ಕೊಂಡು ಕೂತೆ. 10 ಮೀಟರ್ ಉದ್ದದ ಬಸ್ಸು ಬೆಳಕಿನ 0.6 ಪಟ್ಟು ವೇಗದಲ್ಲಿ ನಮ್ಮ ಕಡೆ ಬರ್ತಿದೆ ಅಂದ್ಕೊಳಿ. ಅಳತೆ ಮಾಡಿದ್ರೆ 8 ಮೀಟರ್, ಅದು ಸರಿ. ಆದ್ರೆ ಕಣ್ಣಿಗೆ ಮೂತಿಯ ಬೆಳಕೂ ಬಾಲದ ಬೆಳಕೂ ಒಟ್ಟಿಗೆ ಬಂದು ತಲುಪಬೇಕು ಅಂದ್ರೆ ಬಾಲದ್ದು ಮೊದಲೇ ಹೊರಟಿರಬೇಕು, ಆಗ ಬಸ್ಸು ಇನ್ನೂ ಹಿಂದೆ ಇತ್ತಲ್ಲ. ಆ ಬೆಳಕು 20 ಮೀಟರ್ ಬರೋಷ್ಟರಲ್ಲಿ ಬಸ್ಸು 12 ಮೀಟರ್ ಬಂದಿರುತ್ತೆ, ಉಳಿಯೋದು 8. ಲೆಕ್ಕ ಕರೆಕ್ಟು, ಅಂದ್ರೆ ಬರೋ ಬಸ್ಸು 20 ಮೀಟರ್ ಉದ್ದ ಕಾಣುತ್ತೆ, ಅದೇ ಬಸ್ಸು ನಮ್ಮನ್ನ ದಾಟಿ ದೂರ ಹೋಗ್ವಾಗ ಬರೀ 5 ಮೀಟರ್! ಅಳೆಯೋದು ಬೇರೆ, ಕಾಣೋದು ಬೇರೆ. ಪೆನ್ರೋಸ್, ಟೆರೆಲ್ ಅನ್ನೋ ವಿಜ್ಞಾನಿಗಳಿಬ್ರೂ ಇದರ ಬಗ್ಗೆ 1959ರಲ್ಲೇ ಬರ್ದಿದಾರೆ, ವೇಗವಾಗಿ ಹೋಗೋ ಚೆಂಡು ಮೊಟ್ಟೆ ಥರ ಕಾಣಲ್ಲ, ದುಂಡಗೇ ಕಾಣುತ್ತೆ ಅಂತ. ನಾನು ಇಷ್ಟು ವರ್ಷ ತಪ್ಪು ಹೇಳ್ಕೊಂಡು ಬಂದಿದ್ದೆ. ಮಾರನೇ ದಿನ ಕ್ಲಾಸಲ್ಲಿ ಹಾಗೇ ಒಪ್ಕೊಂಡೆ, ಆ ಹುಡುಗಿ ಕೈಲೇ ಬಸ್ಸಿನ ಲೆಕ್ಕ ಬೋರ್ಡ್ ಮೇಲೆ ಮಾಡಿಸ್ದೆ. ಈಗ ಆ ಬಸ್ಸೇ ನನ್ನ ಮೊದಲ ಪಾಠ.

ಬಣ್ಣದ್ದೂ ಹಂಗೇ. ಮುಂದಕ್ಕೆ ಓಡಿದ್ರೆ ನೀಲಿ, ಹಿಂದಕ್ಕೆ ನಡೆದ್ರೆ ಕೆಂಪು ಅಂತಷ್ಟೇ ಅಂದ್ಕೊಂಡಿರ್ತೀವಿ. ಆದ್ರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ಡೂ ಸರಿದು ಒಳಗೆ ಬರುತ್ತೆ ಅನ್ನೋದನ್ನೂ ಈ ಗೇಮ್ ಲೆಕ್ಕಕ್ಕೆ ತಗೊಂಡಿದೆ. 0.6 ಪಟ್ಟು ವೇಗದಲ್ಲಿ ಎದುರಿಗೆ ಹೋದ್ರೆ 1000 ನ್ಯಾನೋಮೀಟರ್ ತರಂಗಾಂತರ ಇದ್ದ ಬೆಳಕು 500 ಆಗಿ ಹಸಿರು ಕಾಣುತ್ತೆ. "ಇಲ್ದೇ ಇರೋ ಬಣ್ಣ ಎಲ್ಲಿಂದ ಬಂತು ಸಾರ್" ಅಂತ ಕೇಳ್ತಾರೆ, ಉತ್ತರ ಅವರ ಹತ್ರಾನೇ ಹುಡುಕಿಸಬೇಕು.

ಕೊರತೆ ಇಲ್ವಾ? ಇದೆ. ಹತ್ತು ಹದಿನೈದು ನಿಮಿಷಕ್ಕೆ ಆಟ ಮುಗೀತು. ಮಾಡಿದೋರೇ ಇದನ್ನ ಪ್ರೊಟೋಟೈಪ್ ಅಂತ ಕರೆದಿದಾರೆ, ಲೆವೆಲ್ಲು ಗಿವೆಲ್ಲು ಕೇಳೋ ಹಾಗಿಲ್ಲ. ಬಣ್ಣ, ಹೊಳಪು, ಬಾಗೋದು, ಬೆಳಕು ತಡವಾಗಿ ಬರೋದು ಎಲ್ಲಾ ಒಟ್ಟೊಟ್ಟಿಗೆ ಮೈಮೇಲೆ ಬೀಳೋದ್ರಿಂದ ಯಾವುದು ಯಾವುದರಿಂದ ಆಯ್ತು ಅಂತ ಬಿಡಿಸೋದು ಕಷ್ಟ. ಈ ವಿಷಯಕ್ಕೆ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯೋರು ಮಾಡಿರೋ 'ರಿಯಲ್ ಟೈಮ್ ರಿಲೇಟಿವಿಟಿ' ವಾಸಿ, ಅದರಲ್ಲಿ ಡಾಪ್ಲರ್ (ಬಣ್ಣ ಸರಿಯೋದು) ಆಫ್ ಮಾಡಿ ಬರೀ ಆಕಾರ ನೋಡಬಹುದು, ಆದ್ರೆ ಅದು ಆಟ ಅಲ್ಲ, ಹುಡುಗ್ರು ಐದು ನಿಮಿಷಕ್ಕೆ ಆಕಳಿಸ್ತಾರೆ. ಟೈಮ್ ಡೈಲೇಶನ್ (ವೇಗವಾಗಿ ಹೋಗೋದರ ಗಡಿಯಾರ ನಿಧಾನ ಆಗೋದು) ಆಡ್ವಾಗ ಅಷ್ಟು ಗೊತ್ತಾಗಲ್ಲ, ಅದಕ್ಕೆ ನಾನು ಈಗ್ಲೂ ಮ್ಯುವಾನ್ ಅನ್ನೋ ಪುಟ್ಟ ಕಣದ ಲೆಕ್ಕಾನೇ ಹಿಡೀತೀನಿ: 2.2 ಮೈಕ್ರೋಸೆಕೆಂಡ್ ಸರಾಸರಿ ಆಯಸ್ಸು, ಟೈಮ್ ಡೈಲೇಶನ್ ಇಲ್ದಿದ್ರೆ ಸುಮಾರು 660 ಮೀಟರ್ ಹೋಗೋದು, ಆದ್ರೂ ಹತ್ತು ಹದಿನೈದು ಕಿಲೋಮೀಟರ್ ಮೇಲಿಂದ ನೆಲ ಮುಟ್ಟುತ್ತೆ. ಇನ್ನು ಇಡೀ ಆಟದಲ್ಲಿ ನೋಡೋನು ಒಬ್ನೇ. ಇಬ್ರು ಎದುರುಬದುರು ಓಡಿದ್ರೆ ಯಾರ ಗಡಿಯಾರ ನಿಧಾನ ಅನ್ನೋ ಜಗಳ ಇಲ್ಲಿ ಹುಟ್ಟೋದೇ ಇಲ್ಲ, ರಿಲೇಟಿವಿಟಿಯ ಜೀವಾನೇ ಆ ಜಗಳ.

ಬಳಸೋರಿಗೆ ಎರಡು ಮಾತು. ನಮ್ಮ ಲ್ಯಾಬಿನ ಹಳೇ ಡಬ್ಬಗಳಲ್ಲಿ ಗ್ರಾಫಿಕ್ಸ್ ತೆವಳ್ತಿತ್ತು, ಕೊನೆಗೆ ಹುಡುಗ್ರೇ ತಂದ ಮೂರು ಲ್ಯಾಪ್‌ಟಾಪಲ್ಲಿ ಸರದಿ ಮೇಲೆ ಆಡಿಸ್ದೆ. ಕೆಲವರಿಗೆ ತಲೆ ಸುತ್ತುತ್ತೆ, ಊಟ ಆದ ತಕ್ಷಣದ ಪೀರಿಯಡ್ ಬೇಡ. ಕೋಡಿಂಗ್ ಗೊತ್ತಿರೋ ಹುಡುಗ್ರು ಸಿಕ್ಕಿದ್ರೆ ಇದರ ಹಿಂದಿರೋ 'ಓಪನ್ ರಿಲೇಟಿವಿಟಿ' ಟೂಲ್‌ಕಿಟ್ಟೂ ಫ್ರೀಯಾಗೇ ಸಿಗುತ್ತೆ, ಯುನಿಟಿ ಅನ್ನೋ ಗೇಮ್ ಮಾಡೋ ಸಾಫ್ಟ್‌ವೇರಲ್ಲಿ ಹಾಕ್ಕೊಂಡು ಬೆಳಕಿನ ವೇಗ ಬೇಕಾದಷ್ಟಕ್ಕೆ ಇಟ್ಕೋಬಹುದು. ನಮ್ಮಲ್ಲಿ ಒಬ್ಬ ನಮ್ಮ ಕಾಲೇಜ್ ಕಾರಿಡಾರ್ ಥರದ್ದೇ ಒಂದು ಮಾಡ್ತೀನಿ ಅಂತ ಕೂತಿದಾನೆ, ಇನ್ನೂ ಕಂಬಗಳಷ್ಟೇ ಆಗಿವೆ. ಐದಕ್ಕೆ ನಾಲ್ಕು ಕೊಡ್ತೀನಿ.