ಎಲ್ಲವನ್ನೂ ಬಲ್ಲವನ ಮುಂದೆ ನಮ್ಮ ಹೊಣೆ: ಮೈಸೂರಿನ ಒಂದು ಭಾನುವಾರದ ತರಗತಿ

ಕೃಷ್ಣಮೂರ್ತಿಪುರಂನ ಮನೆಯೊಂದರ ಮಹಡಿಯಲ್ಲಿ ನಿವೃತ್ತ ತತ್ತ್ವಶಾಸ್ತ್ರ ಅಧ್ಯಾಪಕರೊಬ್ಬರು ನಡೆಸುವ ಎಂಟು ಭಾನುವಾರಗಳ ತರಗತಿಯನ್ನು ಕಳೆದ ತಿಂಗಳು ಮುಗಿಸಿದೆ. ವಿಷಯ ಒಂದೇ: ಮುಂದೆ ಆಗುವುದೆಲ್ಲ ದೇವರಿಗೆ ಮೊದಲೇ ಗೊತ್ತಿದ್ದರೆ, ಮನುಷ್ಯ ತಾನಾಗಿ ಯೋಚಿಸಿ ಮಾಡಿದೆ ಎನ್ನುವುದಕ್ಕೆ ಅರ್ಥವಿದೆಯೇ? ಬೆಳಗ್ಗೆ 10ರಿಂದ 12ರವರೆಗೆ ಪಾಠ, ಒಟ್ಟು ಶುಲ್ಕ 1,200 ರೂಪಾಯಿ, ಹದಿನೈದು ಜನರಿಗಿಂತ ಹೆಚ್ಚು ಸೇರಿಸಿಕೊಳ್ಳುವುದಿಲ್ಲ.

ನಾನು ಸೇರಿದ್ದು ಕುತೂಹಲದಿಂದಲ್ಲ. ಮೂರು ವರ್ಷದ ಹಿಂದೆ, ಮಂಡ್ಯದ ನಮ್ಮ ಮನೆಯಲ್ಲಿ ರಾತ್ರಿ ತಂದೆಯವರಿಗೆ ಎದೆನೋವು ಬಂದಾಗ, ಗ್ಯಾಸ್ಟ್ರಿಕ್ ಇರಬೇಕೆಂದು ಓಮದ ನೀರು ಕೊಟ್ಟು ಬೆಳಗಾಗಲೆಂದು ಕಾದೆ. ಬೆಳಗಾಗುವಷ್ಟರಲ್ಲಿ ಹೊತ್ತು ಮೀರಿತ್ತು. ಬಂದವರೆಲ್ಲ ‘ಅವರ ಹಣೆಯಲ್ಲಿ ಬರೆದದ್ದು ಅಷ್ಟೇ ಕಣಪ್ಪ’ ಎಂದರು. ಆದರೆ ನಾನು ಕಾಯುತ್ತೇನೆಂಬುದು ಭಗವಂತನಿಗೆ ಮೊದಲೇ ಗೊತ್ತಿದ್ದಲ್ಲಿ, ಕಾಯದೆ ಹೊರಡುವುದು ನನ್ನ ಕೈಯಲ್ಲಿತ್ತೇ ಎಂಬ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ.

ಮೊದಲ ದಿನ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಗೀತೆಯ ಎರಡು ಮಾತುಗಳನ್ನು ಅಕ್ಕಪಕ್ಕ ಬರೆದರು. ಏಳನೆಯ ಅಧ್ಯಾಯದಲ್ಲಿ ಕೃಷ್ಣನು ಹಿಂದಿನ, ಈಗಿನ ಮತ್ತು ಮುಂದಿನ ಜೀವಿಗಳೆಲ್ಲವನ್ನೂ ತಾನು ಬಲ್ಲೆನೆನ್ನುತ್ತಾನೆ. ಹದಿನೆಂಟನೆಯ ಅಧ್ಯಾಯದಲ್ಲಿ ಅದೇ ಅರ್ಜುನನಿಗೆ ‘ಯಥೇಚ್ಛಸಿ ತಥಾ ಕುರು’, ನಿನಗೆ ಬೇಕಾದಂತೆ ಮಾಡು ಎನ್ನುತ್ತಾನೆ. ಇವೆರಡನ್ನೂ ಹೇಳಿದವನು ಒಬ್ಬನೇ ಎಂಬುದನ್ನು ಎಂಟು ವಾರವೂ ಮರೆಯಬೇಡಿ ಎಂದರು.

ಪಾಶ್ಚಾತ್ಯ ಚಿಂತಕರಿಗೆ ಎರಡು ವಾರ ಮೀಸಲು. ಆರನೆಯ ಶತಮಾನದಲ್ಲಿ ಸೆರೆಮನೆಯಲ್ಲಿ ಮರಣದಂಡನೆಗೆ ಕಾಯುತ್ತಲೇ ಈ ಪ್ರಶ್ನೆಯನ್ನು ಎತ್ತಿಕೊಂಡ ಬೋಯೆಥಿಯಸ್‌ನ ಉತ್ತರವನ್ನು ಅವರು ಚಾಮುಂಡಿ ಬೆಟ್ಟದಿಂದ ವಿವರಿಸಿದರು. ಕೆಳಗಿನ ರಸ್ತೆಯಲ್ಲಿ ಹೋಗುವವನಿಗೆ ತಿರುವಿನಾಚೆ ಏನಿದೆಯೋ ಕಾಣದು. ಬೆಟ್ಟದ ಮೇಲೆ ನಿಂತವನಿಗೆ ಹಿಂದಿನ ಬಸ್ಸೂ ಮುಂದಿನ ಬಸ್ಸೂ ಒಟ್ಟಿಗೆ ಕಾಣುತ್ತವೆ, ಹಾಗೆಂದು ಅವನ ನೋಟವೇ ಬಸ್ಸನ್ನು ಓಡಿಸುವುದಿಲ್ಲ. ದೇವರು ಕಾಲದ ಹೊರಗಿರುವುದರಿಂದ ಅವನದು ಮುನ್ನರಿವಲ್ಲ, ಬರಿಯ ಅರಿವು. ಆಗ ನಂಜನಗೂಡಿನಿಂದ ಬರುವ ಶಿಕ್ಷಕಿಯೊಬ್ಬರು, ‘ಸರ್, ಬೆಟ್ಟದ ಮೇಲೆ ನಿಂತವನು ರಸ್ತೆ ಹಾಕಿದವನಲ್ಲ, ಬಸ್ಸು ಕಟ್ಟಿದವನೂ ಅಲ್ಲ. ದೇವರು ಎರಡೂ ಹೌದಲ್ಲವೇ?’ ಎಂದು ಕೇಳಿದರು. ಇಡೀ ತರಗತಿಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ ಪ್ರಶ್ನೆ ಅದು. ಮೇಷ್ಟ್ರು ಅದನ್ನು ಹಲಗೆಯ ಮೂಲೆಯಲ್ಲಿ ಬರೆದು, ಚೌಕ ಹಾಕಿ, ಮುಂದಿನ ಮೂರು ವಾರ ಅಳಿಸಲಿಲ್ಲ. ಯಾವ ಸನ್ನಿವೇಶದಲ್ಲಿ ಯಾರು ತಾವಾಗಿ ಏನು ಮಾಡುವರೆಂಬುದು ದೇವರಿಗೆ ಗೊತ್ತು ಎಂದು 1588ರಲ್ಲಿ ಮೊಲಿನಾ ಮಂಡಿಸಿದ ವಾದ ಮತ್ತು, ದೇವರಿಗೆ ನಿನ್ನೆ ಗೊತ್ತಿದ್ದದ್ದನ್ನು ಇಂದು ಬದಲಿಸಲಾರೆವಲ್ಲ ಎಂದು 1965ರಲ್ಲಿ ನೆಲ್ಸನ್ ಪೈಕ್ ಎತ್ತಿದ ಆಕ್ಷೇಪ, ಇವೆರಡೂ ಬೇಗ ಮುಗಿದವು.

ತರಗತಿಯ ಜೀವಾಳವಿರುವುದು ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ. ಜೀವಾತ್ಮನ ಕರ್ತೃತ್ವ, ಅಂದರೆ ಕೆಲಸ ಮಾಡುವ ಶಕ್ತಿ, ಪರಮಾತ್ಮನಿಂದಲೇ ಬಂದದ್ದು ಎಂದ ಸೂತ್ರಕಾರರು ಕೂಡಲೇ, ಪರಮಾತ್ಮನು ಜೀವಾತ್ಮನ ಪ್ರಯತ್ನವನ್ನು ನೋಡಿಕೊಂಡೇ ನಡೆಸುತ್ತಾನೆ, ಇಲ್ಲವಾದರೆ ಮಾಡು, ಮಾಡಬೇಡ ಎಂಬ ಶಾಸ್ತ್ರದ ಮಾತುಗಳೇ ವ್ಯರ್ಥ ಎನ್ನುತ್ತಾರೆ. ಶಂಕರರ ಭಾಷ್ಯದ ದೃಷ್ಟಾಂತ ಮಳೆಯದು: ಮಳೆ ಎಲ್ಲಕ್ಕೂ ಸಮಾನ, ಭತ್ತ ಭತ್ತವಾಗಿಯೂ ಜವೆ ಜವೆಯಾಗಿಯೂ ಬರುವುದು ಬೀಜದಿಂದ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರದು ಇಬ್ಬರಿಗೆ ಸೇರಿದ ಸ್ವತ್ತಿನ ದೃಷ್ಟಾಂತ. ಇದನ್ನು ವಿವರಿಸಲು ಮೇಷ್ಟ್ರು ತಮ್ಮ ಮನೆತನದ ಹಳೆಯ ಪಹಣಿಯನ್ನೇ ತಂದಿದ್ದರು. ಅಂಚು ಹರಿದ ಆ ಹಾಳೆಯಲ್ಲಿ ಒಂದೇ ಸರ್ವೆ ನಂಬರಿನ ಎದುರು ಅಣ್ಣತಮ್ಮಂದಿರ ಎರಡು ಹೆಸರಿದ್ದವು. ಜಂಟಿ ಖಾತೆಯ ಇಡೀ ಜಮೀನನ್ನು ಇನ್ನೊಬ್ಬನ ರುಜುವಿಲ್ಲದೆ ಪರಭಾರೆ ಮಾಡಲಾಗದು. ಆದರೆ ಮಾರಲು ಹೊರಟವನೂ ಒಪ್ಪಿಗೆ ಪಡೆದವನೂ ಇವನೇ ಆದ್ದರಿಂದ ಅದರ ಫಲ ಇವನದೇ. ಹಾಗೆಯೇ ಮೊದಲ ಪ್ರಯತ್ನ ಜೀವಾತ್ಮನದು, ಅನುಮತಿ ಈಶ್ವರನದು. ಶಿಕ್ಷಕಿಯ ಪ್ರಶ್ನೆಗೆ ಬೋಯೆಥಿಯಸ್ ಕೊಡಲಾರದ ಉತ್ತರ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಕಟ್ಟಿದವನು ಕಟ್ಟುವಾಗಲೇ ನಮಗೂ ಒಂದು ಪಾಲು ಬರೆದುಕೊಟ್ಟಿದ್ದಾನೆ.

ಕೊನೆಯ ಭಾನುವಾರ ಎಲ್ಲರೂ ಹೊರಟ ಮೇಲೆ ತಂದೆಯವರ ವಿಷಯ ಹೇಳಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ರಾತ್ರಿ ನಿಮಗೆ ಗೊತ್ತಿದ್ದದ್ದೇನು ಎಂದು ಕೇಳಿದರು. ಮಧ್ಯಾಹ್ನ ಬೀಗರೂಟದಲ್ಲಿ ಹೆಚ್ಚು ಉಂಡಿದ್ದರು, ಹಿಂದೆಯೂ ಎರಡು ಸಲ ಹಾಗೇ ಆಗಿ ಸರಿಹೋಗಿತ್ತು ಎಂದೆ. ‘ಹಾಗಾದರೆ ಕಾದದ್ದು ನಿಮ್ಮದೇ ತೀರ್ಮಾನ, ಇಲ್ಲವೆನ್ನಬೇಡಿ. ಆದರೆ ದೇವರಿಗೆ ಗೊತ್ತಿದ್ದದ್ದನ್ನು ಇಟ್ಟುಕೊಂಡು ನಿಮ್ಮನ್ನು ಅಳೆದುಕೊಳ್ಳುತ್ತಿದ್ದೀರಲ್ಲ, ಅದು ನ್ಯಾಯವಲ್ಲ’ ಎಂದರು. ಮೂರು ವರ್ಷದಲ್ಲಿ ಯಾರೂ ನನಗೆ ಹೀಗೆ ಹೇಳಿರಲಿಲ್ಲ.

ಕೊರತೆಗಳನ್ನೂ ಹೇಳಬೇಕು. ಯಜಮಾನನ ಮಾತಿನಂತೆ ಕೆಲಸ ಮಾಡಿದರೂ ಬಡಗಿ ಕರ್ತೃವೇ ಎಂಬ ಮಧ್ವಮತದ ವಿವರಣೆಗೆ ಒಂದೇ ಗಂಟೆ ಸಿಕ್ಕಿತು; ಜೀವರ ಸ್ವಭಾವಭೇದವನ್ನು ಹೇಳುವ ಆ ಮತವೇ ಈ ಪ್ರಶ್ನೆಯ ಅತಿ ಕಠಿಣ ಭಾಗವನ್ನು ಎದುರಿಸುವುದರಿಂದ, ಇದು ಸಣ್ಣ ಲೋಪವಲ್ಲ. ಇಸ್ಲಾಮಿನ ಅಶ್‌ಅರಿ ಚಿಂತಕರ ಪ್ರಸ್ತಾಪವೇ ಇರಲಿಲ್ಲ. ಟಿಪ್ಪಣಿಗಳ ಜೆರಾಕ್ಸ್ ಮಸುಕಾಗಿದೆ, ಮೆಟ್ಟಿಲು ಕಡಿದಾಗಿದ್ದು ವಯಸ್ಸಾದವರಿಗೆ ಕಷ್ಟ. ಸಂಸ್ಕೃತ ಬಾರದಿದ್ದರೂ ಪಾಠ ಅರ್ಥವಾಗುತ್ತದೆ. ಮುಂದಿನ ತಂಡದಲ್ಲಿ ಮಧ್ವರಿಗೆ ಎರಡು ವಾರ ಕೊಡುವುದಾಗಿ ಮೇಷ್ಟ್ರು ಒಪ್ಪಿದ್ದಾರೆ. ಆ ಎರಡು ಭಾನುವಾರಕ್ಕೆ ಈಗಲೇ ಹೆಸರು ಕೊಟ್ಟು ಬಂದಿದ್ದೇನೆ.