ಒಂದೇ ಕೋಲಿಯ ಮನೆ: ಮೂರು ವರ್ಷ ಎರಡು ತಿಂಗಳು ಇದ್ದು ಬರೆದದ್ದು

ಜಾಹೀರಾತಿನಲ್ಲಿ 'ಸ್ಟುಡಿಯೋ ಅಪಾರ್ಟ್‌ಮೆಂಟ್' ಅಂತ ಇತ್ತು. ಮೊದಲ ಸಲ ನೋಡಲು ಬಂದ ನಮ್ಮ ಅತ್ತಿ ಬಾಗಿಲಲ್ಲೇ ನಿಂತು ಒಂದು ಸುತ್ತು ಕಣ್ಣಾಡಿಸಿ, "ಪಡಸಾಲಿ ಛಲೋ ಐತಿ. ಮನಿ ಎಲ್ಲೈತಿ?" ಅಂದರು.

ಪಡಸಾಲೆ, ಅಡುಗೆಮನೆ, ಮಲಗುವ ಕೋಲಿ, ದೇವರ ಜಗಲಿ ಎಲ್ಲ ಅಲ್ಲೇ. ಬಾಗಿಲು ಇರುವುದು ಬಚ್ಚಲಿಗೆ ಮಾತ್ರ. ಹುಬ್ಬಳ್ಳಿ ವಿದ್ಯಾನಗರ, ಎರಡನೇ ಮಹಡಿ. 2022ರ ಜೂನ್‌ನಲ್ಲಿ ಬಂದಾಗ ಬಾಡಿಗೆ 7,500 ಇತ್ತು, ಈಗ 8,800. ಏಜೆಂಟ್ 420 ಚದರ ಅಡಿ ಅಂದಿದ್ದ. ನಾನು ಟೇಪ್ ಹಿಡಿದು ಅಳೆದರೆ ಬಚ್ಚಲೂ ಸೇರಿ 290. ಉಳಿದದ್ದು ಮೆಟ್ಟಿಲು, ಲಿಫ್ಟು, ಹೊರಗೋಡೆಗಳ ಪಾಲಂತೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ ಹೊಸ ಫ್ಲ್ಯಾಟ್ ಮಾರುವ ಬಿಲ್ಡರುಗಳು ಕಾರ್ಪೆಟ್ ಏರಿಯಾ, ಅಂದರೆ ಹೊರಗೋಡೆಗಳ ಒಳಗೆ ಬಳಸಲು ಸಿಗುವ ನೆಲದ ಅಳತೆ, ಹೇಳಲೇಬೇಕು; ಬಾಡಿಗೆ ಏಜೆಂಟರ ಬಾಯಿಗೆ ಅಂಥ ಕಡಿವಾಣ ಇಲ್ಲ. ಕಾರ್ಪೆಟ್ ಏರಿಯಾದಲ್ಲಿ ಒಳಗೋಡೆಯ ದಪ್ಪವೂ ಸೇರುತ್ತದೆ. ನಮ್ಮಲ್ಲಿ ಬಚ್ಚಲಿನದು ಬಿಟ್ಟರೆ ಒಳಗೋಡೆಯೇ ಇಲ್ಲದ್ದರಿಂದ ಅಳತೆಗೆ ಬಂದದ್ದೆಲ್ಲ ಹೆಚ್ಚುಕಡಿಮೆ ನೆಲವೇ. ಇದೊಂದು ಲಾಭ ಅಂತ ಬರೆದುಕೊಳ್ಳಿ.

ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ತಿಂಗಳಿಗೆ ಹತ್ತು ಹನ್ನೆರಡು ನೈಟ್ ಡ್ಯೂಟಿ. ನಮ್ಮ ಮನೆಯವರು ದಿನಾ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಬರುತ್ತಾರೆ. ನಾನು ಮಲಗುವಾಗ ಅವರು ಎದ್ದಿರುತ್ತಾರೆ, ಅವರು ಮಲಗುವಾಗ ನಾನು ಟಿಫಿನ್ ಡಬ್ಬಿ ಕಟ್ಟುತ್ತಿರುತ್ತೇನೆ. ಹಾಗಾಗಿ ಈ ಮನೆಯನ್ನು ನಾನು ಅಳೆದದ್ದು ಒಂದೇ ಲೆಕ್ಕದಲ್ಲಿ. ಒಬ್ಬರು ಎದ್ದಿರುವಾಗ ಇನ್ನೊಬ್ಬರಿಗೆ ನಿದ್ದೆ ಬರುತ್ತದೋ ಇಲ್ಲವೋ.

ಮೊದಲು ತಂದದ್ದು ಸೋಫಾ ಕಮ್ ಬೆಡ್, 21,000 ರೂಪಾಯಿ. ಅಂಗಡಿಯಲ್ಲಿ ಹುಡುಗ ಒಂದೇ ಕೈಯಲ್ಲಿ ಎಳೆದು ತೋರಿಸಿದ್ದ. ಮನೆಯಲ್ಲಿ ಅದನ್ನು ಎಳೆಯಬೇಕಾದರೆ ಮೊದಲು ಟೀಪಾಯಿ ಸರಿಸಬೇಕು. ಟೀಪಾಯಿ ಸರಿಸಬೇಕಾದರೆ ಅದರ ಮೇಲಿನ ಲ್ಯಾಪ್‌ಟಾಪು, ಇಸ್ತ್ರಿ ಬಟ್ಟೆ ಎತ್ತಬೇಕು. ಎತ್ತಿದ್ದನ್ನು ಇಡಲು ಇದ್ದ ಜಾಗ ಆ ಸೋಫಾ ಒಂದೇ. ಹದಿನೈದು ದಿನ ಹುರುಪಿನಿಂದ ಮಾಡಿದೆವು. ಆಮೇಲೆ ಅದು ಹಗಲೂ ರಾತ್ರಿ ಬೆಡ್ ಆಗಿಯೇ ಉಳಿಯಿತು, ಬಂದವರು ಹಾಸಿಗೆಯ ಅಂಚಿಗೆ ಕೂತು ಚಹಾ ಕುಡಿದು ಹೋದರು. ಎಂಟನೇ ತಿಂಗಳಿಗೆ ಬಲಗಡೆಯ ಹಿಂಜು ಸಡಿಲಾಯಿತು. 6,000ಕ್ಕೆ ಮಾರಿ, ಕೆಳಗೆ ಪೆಟ್ಟಿಗೆ ಇರುವ ದಿವಾನ ಮಾಡಿಸಿದೆವು. ಸೂಟ್‌ಕೇಸು, ಹೊದಿಕೆ, ಊರಿಂದ ಬರುವ ಜೋಳದ ಚೀಲ ಎಲ್ಲ ಈಗ ಅದರ ಹೊಟ್ಟೆಯಲ್ಲಿ. ಬಂದವರಿಗೆ ಕೆಳಗೆ ನವಲಗುಂದದ ಜಮಖಾನೆ.

ಇಡೀ ಮನೆಯಲ್ಲಿ ಹೆಚ್ಚು ಕೆಲಸ ಮಾಡಿದ್ದು ಪರದೆ, ಹೆಚ್ಚು ಕಾಡಿದ್ದೂ ಅದೇ. ಗೋಡೆಯಿಂದ ಗೋಡೆಗೆ ರಾಡ್ ಹಾಕಬೇಡಿ, ಸೀಲಿಂಗಿಗೇ ಕೂಡುವ ಅಲ್ಯೂಮಿನಿಯಂ ಟ್ರ್ಯಾಕ್ ಹಾಕಿಸಿ. ರಾಡ್ ಆದರೆ ಮೇಲಿನ ಗೇಣು ಸಂದಿಯಿಂದ ಟ್ಯೂಬ್‌ಲೈಟಿನ ಬೆಳಕು ಸೀದಾ ಮುಖಕ್ಕೆ ಬೀಳುತ್ತದೆ. ನಮ್ಮದು 11 ಅಡಿ ಟ್ರ್ಯಾಕು. 12 ಅಡಿ ಬಟ್ಟೆ ಸಾಕು ಅಂದುಕೊಂಡು ದುರ್ಗದಬೈಲ್ ಪೇಟೆಗೆ ಹೋಗಿದ್ದೆ. ಟೇಲರ್ ನಕ್ಕುಬಿಟ್ಟ. "ಅಕ್ಕಾರ, ಅದು ಪರದೆ ಆಗೂದಿಲ್ರಿ, ಧೋತ್ರ ಒಣಾ ಹಾಕಿದಂಗ ಕಾಣತೈತಿ." ನೆರಿಗೆ ಬೀಳಬೇಕಾದರೆ ಬಟ್ಟೆ ಎರಡು ಪಟ್ಟು ಬೇಕು. 22 ಅಡಿ ತಂದೆ, ಮೂರು ಪದರದ ಬ್ಲ್ಯಾಕ್‌ಔಟ್ ಬಟ್ಟೆ. ಹಗಲು ಹನ್ನೊಂದಕ್ಕೂ ಮಂಚದ ಕಡೆ ರಾತ್ರಿಯಂತೆ ಇರುತ್ತದೆ. ಆದರೆ ಟ್ರ್ಯಾಕಿಗೆ ಗೆರೆ ಹಾಕುವಾಗ ಫ್ಯಾನ್ ಮರೆತಿದ್ದೆವು. ನಡುವಿನ ಒಂದೇ ಫ್ಯಾನು ಪರದೆಯ ಆಚೆ ಉಳಿಯಿತು. ಏಪ್ರಿಲ್‌ನಲ್ಲಿ ಅಡುಗೆ ಕಟ್ಟೆಗೆ ತಂಪು ಗಾಳಿ, ಮಂಚದಲ್ಲಿ ಬೆವರು. ಆಮೇಲೆ ಈಚೆ ಗೋಡೆಗೊಂದು ಫ್ಯಾನು ಹಾಕಿಸಬೇಕಾಯಿತು.

ಬೆಳಕಿನ ಕಾಟ ಹೀಗೆ ತಪ್ಪಿತು. ಸಪ್ಪಳದ್ದು ಬೇರೆಯೇ ಕತೆ.

ಕಳೆದ ವರ್ಷ ಅತ್ತಿ ಹಲ್ಲಿನ ಸೆಟ್ ಮಾಡಿಸಿಕೊಳ್ಳಲು ರೋಣದ ಕಡೆಯ ಊರಿಂದ ಬಂದು ತಿಂಗಳಿದ್ದರು. ನಾನು ಡ್ಯೂಟಿ ಮುಗಿಸಿ ಎಂಟೂವರೆಗೆ ಬಂದು ಮಲಗುವುದಕ್ಕೂ ಅವರು ಪರಾತ ಇಟ್ಟುಕೊಂಡು ರೊಟ್ಟಿ ಬಡಿಯಲು ನಿಲ್ಲುವುದಕ್ಕೂ ಸರಿಯಾಗುತ್ತಿತ್ತು. ಟಪ್ ಟಪ್ ಟಪ್. ರೊಟ್ಟಿ ಹಂಚಿಗೆ ಬಿದ್ದಾಗ ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಪ್ ಟಪ್. ನಿಜ ಹೇಳಬೇಕೆಂದರೆ ನಿದ್ದೆ ಕೆಡಿಸುತ್ತಿದ್ದುದು ನಡುವಿನ ಆ ಸುಮ್ಮನಿರುವ ಹೊತ್ತು; ಮುಂದಿನ ಬಡಿತಕ್ಕೆ ಕಿವಿ ಕಾಯುತ್ತಲೇ ಇರುತ್ತದೆ. ಅತ್ತೆಗೆ ರೊಟ್ಟಿ ಮಾಡಬೇಡಿ ಅನ್ನಲು ಯಾವ ಸೊಸೆಗೆ ಬಾಯಿ ಬಂದೀತು? ಮೂರನೇ ದಿನ ನಾನು ಹೊರಳಾಡುವ ಸಪ್ಪಳ ಅವರಿಗೇ ಕೇಳಿಸಿತು. ಪರದೆಯ ಆಚೆಯಿಂದ, "ನಿದ್ದಿ ಹತ್ತವಲ್ದೇನವಾ? ಮದಲ ಹೇಳಬಾರದ?" ಅಂದವರೇ ಹಳೆಯ ಕೌದಿಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಪರಾತದ ಕೆಳಗೆ ತುರುಕಿದರು. ಅರ್ಧಕ್ಕರ್ಧ ಸಪ್ಪಳ ಅಲ್ಲೇ ಹೋಯಿತು. ಗ್ರಾನೈಟ್ ಕಟ್ಟೆಯಿಂದ ಗೋಡೆಗೆ, ಗೋಡೆಯಿಂದ ಮಂಚಕ್ಕೆ ದಾಟುತ್ತಿದ್ದ ಗುದ್ದು ಅದು. ಅದಕ್ಕೆ 22 ಅಡಿ ಬಟ್ಟೆ ಏನು ಮಾಡೀತು?

ಅದೇ ಹುಮ್ಮಸ್ಸಿನಲ್ಲಿ ಒಂದು ಇಡೀ ಕೌದಿಯನ್ನೇ ಪರದೆಯ ಹಿಂದೆ ತೂಗುಹಾಕಿದೆವು. ಹಳೆ ಸೀರೆಗಳನ್ನು ಪದರದ ಮೇಲೆ ಪದರ ಇಟ್ಟು ಅತ್ತಿಯೇ ಹೊಲಿದದ್ದು, ಎತ್ತಿದರೆ ರಟ್ಟೆ ನೋಯುವಷ್ಟು ಭಾರ. ಫೋನಿನ ಮಾತು, ಚಮಚೆಗಳ ಕಣಕಣ ಚೆನ್ನಾಗಿಯೇ ತಗ್ಗಿದವು. ಆರನೇ ರಾತ್ರಿ ಎರಡು ಗಂಟೆಗೆ ಟ್ರ್ಯಾಕ್, ಪರದೆ, ಕೌದಿ ಸಮೇತ ಎಲ್ಲ ನಮ್ಮ ಮನೆಯವರ ಮೇಲೆ. ನಾನು ಡ್ಯೂಟಿಯಲ್ಲಿದ್ದೆ. ಫೋನ್ ಮಾಡಿ, "ಗಾಬರಿ ಆಗಬ್ಯಾಡ, ಮನಿ ಮತ್ತ ಒಂದ ಕೋಲಿ ಆಗೇತಿ" ಅಂದರು. ನೋಡಿದರೆ ಮೊದಲು ಕೂರಿಸಿದವನು ಹೊಡೆದ ಪ್ಲಾಸ್ಟಿಕ್ ಗಿಟ್ಟಿಗಳು (ಸ್ಕ್ರೂ ಹಿಡಿಯುವಂಥವು) ಗಿಲಾವಿನಲ್ಲೇ ನಿಂತಿದ್ದವು, ಸ್ಲ್ಯಾಬಿನವರೆಗೆ ಹೋಗಿರಲೇ ಇಲ್ಲ. ಈಗ ಕಾಂಕ್ರೀಟಿಗೇ ಆ್ಯಂಕರ್ ಫಾಸ್ಟನರ್ ಎಂಬ ಕಬ್ಬಿಣದ ಬೋಲ್ಟುಗಳಿವೆ, ಎರಡಡಿಗೆ ಒಂದು. ಕೊರೆಯುವ ಮುಂಚೆ ಮನೆ ಮಾಲೀಕರಿಗೆ ಒಂದು ಮಾತು ಹೇಳಿಬಿಡಿ, ಡಿಪಾಸಿಟ್‌ನಲ್ಲಿ ಕತ್ತರಿ ಬೀಳದಂತೆ. ಪರದೆಗೆ ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಕೌದಿ ಸೇರಿದರೆ ನಾಲ್ಕೂವರೆ.

ವಾಸನೆಗೆ ಪರದೆಯೂ ಇಲ್ಲ, ಕೌದಿಯೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಹಾಕಿದ ದಿನ ರಾತ್ರಿ ದಿಂಬಿಗೆ ಸಾರಿನ ವಾಸನೆ. ಕಿಟಕಿಯ ಮೇಲಿನ ಗಾಜು ತೆಗೆಸಿ 9 ಇಂಚಿನ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆವು. ಈ ಮನೆಗೆ ಹಾಕಿದ ದುಡ್ಡಿನಲ್ಲಿ ಇದೇ ಸಾರ್ಥಕ. ಆದರೆ ಮೊದಲ ವಾರ ಫ್ಯಾನ್ ಹಾಕಿದಾಗಲೆಲ್ಲ ಗಟಾರದ ನಾತ! ಫ್ಯಾನನ್ನೇ ಬೈದೆ. ಪ್ಲಂಬರ್ ಬಂದು, ಮಳೆಗೆಂದು ನಾನು ಬಿಗಿಯಾಗಿ ಹಾಕಿದ್ದ ಕಿಟಕಿ ತೋರಿಸಿದ. ಹೊರಗೆ ಹೋದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಬೇಕು. ಕಿಟಕಿ ಮುಚ್ಚಿದ್ದರಿಂದ ಅದು ಬಚ್ಚಲಿನ ನಹಾನಿ ಟ್ರ್ಯಾಪ್‌ನಿಂದ, ಅಂದರೆ ನೆಲದ ನೀರು ಹೋಗುವ ಕಿಂಡಿಯಿಂದ, ಬರುತ್ತಿತ್ತು. ನಾತ ತಡೆಯಲು ಟ್ರ್ಯಾಪ್‌ನಲ್ಲಿ ನಿಂತಿರಬೇಕಾದ ನೀರೂ ಆರಿಹೋಗಿತ್ತು. ಈಗ ಎದುರಿನ ಕಿಟಕಿ ನಾಲ್ಕು ಬೆರಳು ತೆರೆದಿರುತ್ತದೆ, ಊರಿಗೆ ಹೋಗಿ ಬಂದ ದಿನ ಟ್ರ್ಯಾಪ್‌ಗೆ ಒಂದು ತಂಬಿಗೆ ನೀರು.

ಮಳೆಗಾಲದ್ದೊಂದು ಹೇಳಿ ಮುಗಿಸುತ್ತೇನೆ. ನಮ್ಮ ಪಶ್ಚಿಮದ ಗೋಡೆಗೆ ಜುಲೈ ಪೂರ್ತಿ ಇರಚಲು. ಅದಕ್ಕೆ ಒತ್ತಿ ನಿಲ್ಲಿಸಿದ್ದ ಕಪಾಟಿನ ಬೆನ್ನಿಗೆ, ಒಳಗಿದ್ದ ನನ್ನ ಇಳಕಲ್ ಸೀರೆಗೂ ಬೂಷ್ಟು. ಕಪಾಟನ್ನು ಅಲ್ಲಿಂದ ಕಿತ್ತು ಬಾಗಿಲ ಹತ್ತಿರ ಅಡ್ಡ ನಿಲ್ಲಿಸಿದೆವು. ಗಾಳಿಯೂ ಆಡಿತು, ಬಾಗಿಲು ತೆರೆದ ಕೂಡಲೇ ಮಂಚ ಕಾಣುವುದೂ ತಪ್ಪಿತು. ಕೊರಿಯರ್ ಹುಡುಗನ ಮುಂದೆ ಇನ್ನು ಸಂಕೋಚವಿಲ್ಲ.

ಇಬ್ಬರದೂ ಹಗಲು ಕೆಲಸವಾದರೆ ಇಂಥ ಮನೆ ಕಣ್ಣುಮುಚ್ಚಿ ಹಿಡಿಯಬಹುದು. ಓದುವ ಮಗು ಇದ್ದರೆ ಬೇಡ. ನಾವು 11 ತಿಂಗಳ ಅಗ್ರಿಮೆಂಟನ್ನು ಮೂರು ಸಲ ಮುಂದುವರಿಸಿದ್ದೇವೆ. ಹೋದ ತಿಂಗಳು ಇದೇ ಮಹಡಿಯಲ್ಲಿ ಒಂದು ಬೆಡ್‌ರೂಮಿನ ಮನೆ ಖಾಲಿಯಾಯಿತು, ಬಾಡಿಗೆ 4,000 ಹೆಚ್ಚು. ನೋಡಲು ಹೋದೆವು. ಮಲಗುವ ಕೋಲಿಗೆ ಬಾಗಿಲು ಇತ್ತು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಅಡುಗೆ ಕಟ್ಟೆಯ ಮೇಲೆ ರೊಟ್ಟಿ ಬಡಿದಂತೆ ಬಡಿಯಿರಿ ಅಂತ ನಮ್ಮ ಮನೆಯವರಿಗೆ ಹೇಳಿದೆ.

ಟಪ್ ಟಪ್ ಟಪ್. ಒಂದೊಂದೂ ಎಣಿಸುವ ಹಾಗೆ ಕೇಳಿಸಿತು. ಇಲ್ಲೇ ಇದ್ದೇವೆ.