ಮನೇಲೇ ಫ್ರೆಂಚ್: ಪಿಮ್ಸ್ಲರ್, ಅಸಿಮಿಲ್, ಎಫ್‌ಎಸ್‌ಐ ಮೂರೂ ಮಾಡಿ ನೋಡ್ದೆ

ಕೆನಡಾ ಪಿಆರ್‌ಗೆ (ಅಲ್ಲೇ ಕಾಯಂ ಆಗಿ ಇರೋ ಅನುಮತಿ) ಪಾಯಿಂಟ್ಸ್ ಲೆಕ್ಕ ಹಾಕ್ತಾ ಕೂತಾಗ ಗೊತ್ತಾಯ್ತು, ಅದಕ್ಕೆ ಅರ್ಜಿ ಹಾಕೋ ಎಕ್ಸ್‌ಪ್ರೆಸ್ ಎಂಟ್ರಿಲಿ, ಅವರ ಭಾಷಾ ಅಳತೆ ಪ್ರಕಾರ ಇಂಗ್ಲಿಷ್ ಲೆವೆಲ್ 5 ಇದ್ದು ಫ್ರೆಂಚಲ್ಲಿ ಓದೋದು ಬರೆಯೋದು ಕೇಳೋದು ಮಾತಾಡೋದು ನಾಲ್ಕರಲ್ಲೂ 7 ಬಂದ್ರೆ 50 ಪಾಯಿಂಟ್ ಎಕ್ಸ್‌ಟ್ರಾ ಅಂತೆ. ಪಿಯುಸಿಲಿ ಮಾರ್ಕ್ಸ್ ಆಸೆಗೆ ಫ್ರೆಂಚ್ ತಗೊಂಡಿದ್ದೋಳು ನಾನು, ಮಾರ್ಕ್ಸ್ ಬಂತು, ಭಾಷೆ ಬರ್ಲಿಲ್ಲ. ಈಗ ಶಿಫ್ಟ್ ಡ್ಯೂಟಿ, ಕ್ಲಾಸಿಗೆ ಹೋಗೋಕಾಗಲ್ಲ, ಹಂಗಾಗಿ ಸುಮಾರು ಒಂದು ವರ್ಷ ಮನೇಲೇ ಕೂತು ಕಲಿಯೋ ಈ ಮೂರು ಕೋರ್ಸ್‌ಗಳ ಜೊತೆ ಗುದ್ದಾಡಿದೀನಿ.

ಮೊದ್ಲು ಪಿಮ್ಸ್ಲರ್. ಪೂರ್ತಿ ಕಿವಿ ಕೆಲಸ, ಪಾಠಕ್ಕೆ 30 ನಿಮಿಷ, ಲೆವೆಲ್‌ಗೆ 30 ಪಾಠ, ಒಟ್ಟು 5 ಲೆವೆಲ್. ನಮ್ಮ ಬಸ್ಸು ಸಿಲ್ಕ್ ಬೋರ್ಡ್ ದಾಟೋದ್ರೊಳಗೆ ಒಂದು ಪಾಠ ಆರಾಮಾಗಿ ಮುಗಿಯುತ್ತೆ. ಇದನ್ನ ಫ್ರೆಂಚಲ್ಲಿ ಹೇಗೆ ಹೇಳ್ತೀರ ಅಂತ ಇಂಗ್ಲಿಷಲ್ಲಿ ಕೇಳಿ ಸುಮ್ನಾಗ್ತಾರೆ, ಆ ಗ್ಯಾಪಲ್ಲಿ ನೀವು ಬಾಯಿ ಬಿಡ್ಬೇಕು (ಬಸ್ಸಲ್ಲಿ ಹಿಂಗೆ ಗೊಣಗ್ತಿದ್ರೆ ಪಕ್ಕದ ಸೀಟು ಖಾಲಿ ಇರುತ್ತೆ, ಅದೊಂದು ಲಾಭ). ಇನ್ನೇನು ಮರೀತೀವಿ ಅನ್ನೋ ಹೊತ್ತಿಗೆ ಹಳೇ ಪದ ತಿರುಗಿ ಕೇಳ್ತಾರೆ, ಹಂಗಾಗಿ ಕಲಿತಿದ್ದು ಅಂಟ್ಕೊಳುತ್ತೆ. ಆದ್ರೆ ಪದಗಳು ತೀರಾ ಕಮ್ಮಿ, ಒಂದು ಲೆವೆಲ್ ಮುಗಿಸಿದ್ರೂ ದಾರಿ ಕೇಳೋದು, ಊಟ ಆರ್ಡರ್ ಮಾಡೋದು, ಅಷ್ಟರಲ್ಲೇ ಸುತ್ತಿದ ಹಾಗೆ.

ಆಮೇಲೆ ಅಸಿಮಿಲ್. ನನ್ನ ಹತ್ರ ಇರೋ ಎಡಿಷನ್‌ನಲ್ಲಿ 113 ಪಾಠ, ಎಡಕ್ಕೆ ಫ್ರೆಂಚ್ ಸಂಭಾಷಣೆ, ಬಲಕ್ಕೆ ಇಂಗ್ಲಿಷ್, ಜೊತೆಗೆ ಆಡಿಯೋ. ಮೊದಲರ್ಧ ಸುಮ್ನೆ ಕೇಳಿ ಓದಿ ಅರ್ಥ ಮಾಡ್ಕೊಳೋದು. 50ನೇ ಪಾಠದಿಂದ ದಿನಾ ಹೊಸದೊಂದು ಮಾಡ್ತಾ, ಹಿಂದೆ 1ನೇ ಪಾಠದಿಂದ ಇಂಗ್ಲಿಷ್ ನೋಡ್ಕೊಂಡು ಫ್ರೆಂಚ್ ಹೇಳ್ಬೇಕು. ಈಗ 70ರಲ್ಲಿದೀನಿ, ಅಂದ್ರೆ ಹಿಂದುಗಡೆ 21.

ಎರಡಕ್ಕೂ ಇರೋ ವ್ಯತ್ಯಾಸ ನಂಗೆ ತಲೆಗೆ ಹೋಗಿದ್ದು ಒಂದು ಸಣ್ಣ ವಿಷಯದಲ್ಲಿ. 'ಲ' (ಇಂಗ್ಲಿಷಿನ 'ದ' ಇದ್ದ ಹಾಗೆ) + 'ಅಮಿ' (ಸ್ನೇಹಿತ) ಸೇರಿ 'ಲಾಮಿ' ಆಗೋದು ನಮ್ಮ ಊರು + ಊರು ಊರೂರು ಆದ ಹಾಗೆ, ಲೋಪಸಂಧಿ, ಕಷ್ಟ ಆಗ್ಲಿಲ್ಲ. 'ಸ್ನೇಹಿತರು' ಅನ್ನೋಕೆ 'ಲೆಝಾಮಿ' ಅಂದಾಗ ಮಾತ್ರ ಆ ಝ ಎಲ್ಲಿಂದ ಬಂತು ಅಂತ ತಿಳೀದೆ ಆಗಮ ಸಂಧಿ ಇರ್ಬೇಕು ಅಂದ್ಕೊಂಡು ತಿಂಗಳುಗಟ್ಲೆ ಓಡಾಡಿದೀನಿ. ಅಸಿಮಿಲ್ ಪುಟ ನೋಡಿದಾಗ ಗೊತ್ತಾಯ್ತು, ಅದು 'ಲೆ' (les) ಕೊನೇಲಿ ಸದ್ದಿಲ್ದೆ ಮಲಗಿರೋ ಎಸ್ಸು, ಮುಂದೆ ಸ್ವರ ಬಂದ್ರೆ ಝ ಆಗಿ ಎದ್ದು ಕೂರುತ್ತೆ! ಬರೀ ಕಿವಿ ನಂಬ್ಕೊಂಡ್ರೆ ಇಂಥದ್ದು ಎಲ್ಲಾ ಕಡೆ ಆಗುತ್ತೆ. 'ತ್ಯು', 'ವು' ಅಂದ್ರೆ ನಮ್ಮ ನೀನು, ನೀವು, ಅದಂತೂ ಪುಕ್ಸಟ್ಟೆ ಬಂತು. ಮೇಜು ಹೆಂಗಸು, ಪುಸ್ತಕ ಗಂಡಸು ಅನ್ನೋದಿಕ್ಕೆ ಮಾತ್ರ ಯಾವ ಕೋರ್ಸಲ್ಲೂ ಮದ್ದಿಲ್ಲ, ಪದದ ಜೊತೆನೇ ಬಾಯಿಪಾಠ ಹೊಡೀಬೇಕು.

ಎಫ್‌ಎಸ್‌ಐ ಅಮೆರಿಕದ ರಾಜತಾಂತ್ರಿಕರಿಗೆ ಅಂತ 1960ರ ದಶಕದಲ್ಲಿ ಮಾಡಿದ್ದು, 24 ಯೂನಿಟ್, ಫ್ರೀ. ಹಳೇ ಟೇಪಿನ ಸದ್ದು, ಒಂದೇ ವಾಕ್ಯ ತಿರುಗಿಸಿ ಮುರುಗಿಸಿ ಹೇಳಿಸ್ತಾರೆ, ಮಗ್ಗಿ ಹೇಳ್ದಂಗೆ. ಬೋರ್ ಹೊಡೆದು 6 ಯೂನಿಟ್‌ಗೆ ನಿಲ್ಸಿದೆ, ಆದ್ರೂ 'ಅದನ್ನ ಅವನಿಗೆ' ಥರದ ಸರ್ವನಾಮದ ಜೋಡಿಗಳು ಬಾಯಿಗೆ ಕೂತಿದ್ದು ಇದ್ರಿಂದಾನೇ. 90 ಅನ್ನೋಕೆ 'ನಾಲ್ಕು ಇಪ್ಪತ್ತು ಹತ್ತು' ಅನ್ನೋ ಜನ ಈ ಫ್ರೆಂಚರು, ಡ್ರಿಲ್ ಇಲ್ದೆ ಹೇಗೆ ನಾಲಿಗೆ ತಿರುಗ್ಬೇಕು ಹೇಳಿ.

ಒಂದಕ್ಕೇ ದುಡ್ಡು ಹಾಕೋದಾದ್ರೆ ಅಸಿಮಿಲ್ ತಗೊಳಿ, ಆದ್ರೆ ದಿನಾ ಟೇಬಲ್ ಮುಂದೆ ಅರ್ಧ ಗಂಟೆ ಕೂರೋರು ನೀವಾಗಿರ್ಬೇಕು. ಕೂರಲ್ಲ, ಬರೀ ಓಡಾಟ ಅನ್ನೋರಿಗೆ ಪಿಮ್ಸ್ಲರ್ ಮೊದಲ ಲೆವೆಲ್ ಸಾಕು. ಟಿಇಎಫ್ (ಪಿಆರ್‌ಗೆ ಬರೆಯೋ ಫ್ರೆಂಚ್ ಪರೀಕ್ಷೆ) ರೈಟಿಂಗ್‌ಗೆ ಮಾತ್ರ ಮೂರೂ ಉಪಯೋಗ ಇಲ್ಲ, ಬರೆದಿದ್ದನ್ನ ತಿದ್ದೋಕೆ ಮನುಷ್ಯರೇ ಬೇಕು, ಭಾನುವಾರ ಸಂಜೆ ಸಿಗೋ ಟ್ಯೂಟರ್ ಯಾರಾದ್ರೂ ಇದ್ರೆ ಹೇಳಿ ಮಾರಾಯ್ರೆ.